ಒಂದೇ ಕಾಮಿಕ್ಸ್‌ಗೆ ಎರಡು ಬೆಲೆ ಏಕೆ? ಗ್ರೇಡಿಂಗ್‌ನ ಲೆಕ್ಕಾಚಾರ ಹೊಸಬರಿಗಾಗಿ

2025ರ ನವೆಂಬರ್‌ನಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ಒಂದು ಕಾಮಿಕ್ಸ್ 91 ಲಕ್ಷ 20 ಸಾವಿರ ಡಾಲರ್‌ಗೆ ಹೋಯಿತು. ನಮ್ಮ ದುಡ್ಡಿನಲ್ಲಿ ಸುಮಾರು 80 ಕೋಟಿ ರೂಪಾಯಿ. 1939ರಲ್ಲಿ ಹತ್ತು ಸೆಂಟಿಗೆ ಮಾರಾಟವಾಗುತ್ತಿದ್ದ 'ಸೂಪರ್‌ಮ್ಯಾನ್' ಪತ್ರಿಕೆಯ ಮೊದಲ ಸಂಚಿಕೆ ಅದು. ತೀರಿಕೊಂಡ ತಾಯಿಯ ಮನೆ ಖಾಲಿ ಮಾಡುತ್ತಿದ್ದ ಮೂವರು ಅಣ್ಣತಮ್ಮಂದಿರಿಗೆ ಅಟ್ಟದ ರಟ್ಟಿನ ಡಬ್ಬಿಯೊಂದರಲ್ಲಿ, ಹಳೆಯ ಪತ್ರಿಕೆಗಳ ಅಡಿಯಲ್ಲಿ ಸಿಕ್ಕಿತ್ತು.

ಅಟ್ಟದ ಕಥೆಯನ್ನು ಎಲ್ಲರೂ ಓದಿದರು. ಆದರೆ ಸುದ್ದಿಯೊಳಗೆ ಇನ್ನೊಂದು ಪುಟ್ಟ ಸಂಖ್ಯೆಯಿತ್ತು: 9.0. ಆ ಪ್ರತಿಗೆ ಸಿಕ್ಕಿದ್ದ ದರ್ಜೆ ಅದು. ಅದಕ್ಕೂ ಮೊದಲು ಇದೇ ಸಂಚಿಕೆಯ 8.0 ದರ್ಜೆಯ ಪ್ರತಿಯೊಂದು 2022ರಲ್ಲಿ ಖಾಸಗಿಯಾಗಿ 53 ಲಕ್ಷ ಡಾಲರ್‌ಗೆ ಕೈಬದಲಾಗಿತ್ತು. ಅದೇ ಕಥೆ, ಅವೇ ಚಿತ್ರಗಳು. ನಡುವಿನ ಮೂರು ವರ್ಷಗಳಲ್ಲಿ ಮಾರುಕಟ್ಟೆ ಬದಲಾಗಿರುತ್ತದೆ, ನಿಜ. ಆದರೂ 38 ಲಕ್ಷ ಡಾಲರ್‌ಗಳ ವ್ಯತ್ಯಾಸದಲ್ಲಿ ದೊಡ್ಡ ಪಾಲು ಆ ಒಂದು ಅಂಕದ್ದು.

ಈ ಅಂಕ ಕೊಡುವವರು ಯಾರು, ಹೇಗೆ ಕೊಡುತ್ತಾರೆ, ಅಂಕವಿಲ್ಲದ ಪ್ರತಿಗೆ ಬೆಲೆ ಎಷ್ಟು, ನಿಮ್ಮ ಕೈಯಲ್ಲಿರುವುದಕ್ಕೆ ಅಂಕ ಹಾಕಿಸುವುದರಿಂದ ಲಾಭವಿದೆಯೇ? ಕಾಮಿಕ್ಸ್ ಸಂಗ್ರಹಕ್ಕೆ ಹೊಸದಾಗಿ ಇಳಿದವರನ್ನು ಕಾಡುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ರಾ ಮತ್ತು ಸ್ಲ್ಯಾಬ್

ಅಂಗಡಿಯಿಂದ ಕೊಂಡು ತಂದು ಕಪಾಟಿನಲ್ಲಿಟ್ಟ ಕಾಮಿಕ್ಸ್‌ಗೆ ಸಂಗ್ರಾಹಕರ ಭಾಷೆಯಲ್ಲಿ 'ರಾ' ಎನ್ನುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದರೂ ಅದು ರಾ ಪ್ರತಿಯೇ. ತೆಗೆದು ಓದಬಹುದು, ಪುಟ ತಿರುವಬಹುದು. ಅದರ ಸ್ಥಿತಿ ಹೇಗಿದೆ ಎಂಬುದು ಮಾರುವವನು ಹೇಳಿದ್ದು ಮತ್ತು ಕೊಳ್ಳುವವನು ಕಂಡಿದ್ದು, ಅಷ್ಟೇ.

ಇದೇ ಪ್ರತಿಯನ್ನು ಮಾರುವವನಿಗೂ ಕೊಳ್ಳುವವನಿಗೂ ಸೇರದ ಮೂರನೆಯ ಸಂಸ್ಥೆಯೊಂದಕ್ಕೆ ಕಳಿಸಿದರೆ ಅಲ್ಲಿನ ಪರಿಣತರು ಪರೀಕ್ಷಿಸಿ ಅಂಕ ಕೊಡುತ್ತಾರೆ. ಇದೇ ಗ್ರೇಡಿಂಗ್. ಆಮೇಲೆ ಅದನ್ನು ಪಾರದರ್ಶಕವಾದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲ್ ಮಾಡಿ, ಮೇಲೆ ಅಂಕವಿರುವ ಲೇಬಲ್ ಹಚ್ಚಿ ವಾಪಸ್ ಕಳಿಸುತ್ತಾರೆ. ಆ ಡಬ್ಬಿಗೆ 'ಸ್ಲ್ಯಾಬ್' ಎಂದು ಹೆಸರು. ಡಬ್ಬಿ ಒಡೆಯದೆ ಪುಸ್ತಕ ಓದಲಾಗದು. ಒಡೆದ ಕ್ಷಣಕ್ಕೆ ಅಂಕವೂ ರದ್ದು.

ಈ ಕೆಲಸದಲ್ಲಿ ಹೆಚ್ಚು ಹೆಸರಾದದ್ದು ಫ್ಲೋರಿಡಾದ ಸಾರಸೋಟಾದಲ್ಲಿರುವ ಸಿಜಿಸಿ. 2000ದಲ್ಲಿ ಶುರುವಾಯಿತು. 2014ರಲ್ಲಿ ಬಂದ ಸಿಬಿಸಿಎಸ್ ಇನ್ನೊಂದು. ಇವು ಬರುವ ಮೊದಲೂ ದರ್ಜೆಗಳಿದ್ದವು. 1970ರಿಂದ ಪ್ರಕಟವಾಗುತ್ತಿರುವ ಓವರ್‌ಸ್ಟ್ರೀಟ್ ಬೆಲೆ ಕೈಪಿಡಿಯಲ್ಲಿ ಗುಡ್, ಫೈನ್, ಮಿಂಟ್ ಎಂಬ ಹೆಸರುಗಳಿದ್ದವು, ಒಂದೊಂದಕ್ಕೂ ಒಂದೊಂದು ಬೆಲೆಯಿತ್ತು. ತಕರಾರು ಇದ್ದದ್ದು ಬೇರೆ ಕಡೆ. ಮಾರುವವನ ಕಣ್ಣಿಗೆ 'ಮಿಂಟ್' ಆಗಿದ್ದದ್ದು ಕೊಳ್ಳುವವನ ಕಣ್ಣಿಗೆ 'ಫೈನ್' ಆಗಿಬಿಡುತ್ತಿತ್ತು. ಎದುರಾಬದುರು ನಿಂತು ಚೌಕಾಸಿ ಮಾಡುವಾಗ ಇದೊಂದು ಸಣ್ಣ ಜಗಳ. ಅಂತರ್ಜಾಲದಲ್ಲಿ ಫೋಟೋ ನೋಡಿ, ಕಂಡರಿಯದವರಿಗೆ ಸಾವಿರಾರು ಡಾಲರ್ ಕಳಿಸುವ ಕಾಲ ಬಂದಾಗ ಅದೇ ದೊಡ್ಡ ತೊಡಕಾಯಿತು.

ಶಿವಮೊಗ್ಗದ ಮಂಡಿಯ ಅಡಿಕೆಯನ್ನು ನೆನೆದರೆ ವಿಷಯ ಬೇಗ ಹೊಳೆಯುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ದರ್ಜೆಯ ಹೆಸರು ಹೇಳಿದರೆ ಸಾಕು. ಉತ್ತರ ಭಾರತದ ವ್ಯಾಪಾರಿ ತೋಟ ನೋಡದೆ ದರ ಮಾತಾಡುತ್ತಾನೆ. ದರ್ಜೆಯ ಹೆಸರನ್ನು ಎರಡೂ ಕಡೆಯವರು ಒಪ್ಪಿದ್ದಾರೆ ಎಂಬುದೇ ಅಲ್ಲಿನ ಬಂಡವಾಳ. ಕಾಮಿಕ್ಸ್ ಗ್ರೇಡಿಂಗ್ ಮಾಡುವುದೂ ಅದನ್ನೇ. ಕೊಳ್ಳುವವನು ಸ್ಲ್ಯಾಬ್‌ಗೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಒಂದು ಪಾಲು ಪುಸ್ತಕಕ್ಕೆ, ಇನ್ನೊಂದು ಪಾಲು 'ಮೋಸ ಹೋಗಲಾರೆ' ಎಂಬ ನೆಮ್ಮದಿಗೆ.

ಅಂಕ ಹೇಗೆ ಬೀಳುತ್ತದೆ

ಅಳತೆಪಟ್ಟಿ 0.5ರಿಂದ 10ರವರೆಗೆ. ನಡುವೆ ಒಟ್ಟು 25 ಮೆಟ್ಟಿಲು. ಇವು ಸಮ ಅಂತರದಲ್ಲಿಲ್ಲ. 2ರಿಂದ 9ರವರೆಗೆ ಅರ್ಧರ್ಧ ಅಂಕದ ಮೆಟ್ಟಿಲು. ಅಲ್ಲಿಂದ ಮೇಲೆ 9.2, 9.4, 9.6, 9.8, 9.9, 10 ಎಂದು ಒತ್ತೊತ್ತಾಗಿ ಬರುತ್ತವೆ. 9.8ಕ್ಕೆ ನಿಯರ್ ಮಿಂಟ್-ಮಿಂಟ್, 8ಕ್ಕೆ ವೆರಿ ಫೈನ್, 6ಕ್ಕೆ ಫೈನ್, 4ಕ್ಕೆ ವೆರಿ ಗುಡ್, 2ಕ್ಕೆ ಗುಡ್ ಎಂಬ ಹಳೆಯ ಹೆಸರುಗಳೂ ಜೊತೆಗಿವೆ. ಇಲ್ಲಿ ಹೊಸಬರು ಎಡವುವುದು ಸಹಜ. 'ಗುಡ್' ಅಂದರೆ ಚೆನ್ನಾಗಿದೆ ಎಂದು ತಿಳಿದು ಕೊಂಡರೆ ಕೈಗೆ ಬರುವುದು ಹತ್ತಕ್ಕೆ ಎರಡು ಅಂಕದ, ಮಡಿಕೆ ಬಿದ್ದು ಅಂಚು ಸವೆದ ಪ್ರತಿ. ಪುಟಗಳೆಲ್ಲ ಇವೆ, ಓದಬಹುದು. ಆ ದರ್ಜೆಯ ಭರವಸೆ ಅಲ್ಲಿಗೆ ಮುಗಿಯಿತು.

ಪರೀಕ್ಷೆಯಲ್ಲಿ ಮೊದಲು ಪುಟ ಎಣಿಸುತ್ತಾರೆ. ಒಳಗಿನ ಕೂಪನ್ ಯಾರಾದರೂ ಕತ್ತರಿಸಿಕೊಂಡಿದ್ದಾರಾ ನೋಡುತ್ತಾರೆ. ಇದು ಸಣ್ಣ ಮಾತಲ್ಲ. 1974ರ 'ಇನ್‌ಕ್ರೆಡಿಬಲ್ ಹಲ್ಕ್' 181ನೇ ಸಂಚಿಕೆಯಲ್ಲಿ ವುಲ್ವರಿನ್ ಪಾತ್ರ ಮೊದಲ ಬಾರಿ ಪೂರ್ಣ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಅದೇ ಸಂಚಿಕೆಯಲ್ಲಿ ಕತ್ತರಿಸಿ ಅಂಟಿಸಿಕೊಳ್ಳಲೆಂದೇ ಪ್ರಕಾಶನ ಸಂಸ್ಥೆ ಮಾರ್ವೆಲ್ ಒಂದು ಪುಟ್ಟ ಸ್ಟ್ಯಾಂಪ್ ಚಿತ್ರ ಅಚ್ಚು ಹಾಕಿತ್ತು. ಆಗಿನ ಮಕ್ಕಳು ಹೇಳಿದ ಮಾತು ಕೇಳಿ ನಿಷ್ಠೆಯಿಂದ ಕತ್ತರಿಸಿದರು. ಇಂದು ಆ ಸ್ಟ್ಯಾಂಪ್ ಇಲ್ಲದ ಪ್ರತಿಯ ಬೆಲೆ, ಹೊರಗಿನಿಂದ ಎಷ್ಟೇ ಚಂದ ಕಂಡರೂ, ಇರುವ ಪ್ರತಿಗಿಂತ ಬಹಳ ಕೆಳಗೆ.

ಆಮೇಲೆ ಮುಖಪುಟ. ಪಿನ್ ಹೊಡೆದ ಕಡೆಯ ಬೆನ್ನಿನಲ್ಲಿ ಸಣ್ಣ ಸಣ್ಣ ಅಡ್ಡ ಗೆರೆಗಳಿವೆಯೇ? ಮೂಲೆ ಮೊಂಡಾಗಿದೆಯೇ? ಪಿನ್ನಿಗೆ ತುಕ್ಕು ಹಿಡಿದಿದೆಯೇ? ಮಡಿಕೆಗಳಲ್ಲೂ ಎರಡು ಜಾತಿ. ಬಣ್ಣ ಹಾಗೇ ಉಳಿದು ಕಾಗದ ಮಾತ್ರ ಬಾಗಿದ್ದು ಒಂದು. ಮಡಿಕೆಯಲ್ಲಿ ಶಾಯಿ ಒಡೆದು ಕೆಳಗಿನ ಬಿಳಿ ಕಾಗದ ಇಣುಕುವುದು ಇನ್ನೊಂದು. ಎರಡನೆಯದಕ್ಕೆ ಅಂಕ ಹೆಚ್ಚು ಕಳೆಯುತ್ತದೆ, ಏಕೆಂದರೆ ಅದನ್ನು ಸರಿಪಡಿಸುವ ದಾರಿಯಿಲ್ಲ.

ಲೇಬಲ್ ಮೇಲೆ ಅಂಕದ ಜೊತೆ ಒಳಪುಟದ ಬಣ್ಣವನ್ನೂ ಬರೆದಿರುತ್ತಾರೆ: ಬಿಳಿ, ಮಾಸಲು ಬಿಳಿ, ಕೆನೆ ಬಣ್ಣ, ಹಾಗೇ ಕಂದಿನತ್ತ. ಹಳೆಯ ಕಾಮಿಕ್ಸ್ ಅಚ್ಚಾದದ್ದು ಅಗ್ಗದ ಪತ್ರಿಕಾ ಕಾಗದದಲ್ಲಿ. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ವಸ್ತು ಗಾಳಿ, ಬೆಳಕು, ಸೆಕೆಗೆ ಸಿಕ್ಕಿ ಹಳದಿಯಾಗುತ್ತದೆ. ಕಾಗದದೊಳಗಿನ ಆಮ್ಲ ನಾರನ್ನು ತಿನ್ನುತ್ತಾ ಹೋಗಿ ಕೊನೆಗೆ ಮುಟ್ಟಿದರೆ ಪುಡಿಯಾಗುವಂತೆ ಮಾಡುತ್ತದೆ. ಒಂದೇ ಅಂಕದ ಎರಡು ಪ್ರತಿಗಳಲ್ಲಿ ಬಿಳಿ ಪುಟದ್ದಕ್ಕೆ ಬೆಲೆ ಹೆಚ್ಚು. ಸೂಪರ್‌ಮ್ಯಾನ್ ಮೊದಲ ಬಾರಿ ಕಾಣಿಸಿಕೊಂಡ 1938ರ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ 9.0 ಪ್ರತಿಯೊಂದು 2014ರಲ್ಲಿ 32 ಲಕ್ಷ ಡಾಲರ್ ದಾಟಿದಾಗ ಎಲ್ಲರೂ ಹೊಗಳಿದ್ದು ಅದರ ಬಿಳಿ ಪುಟಗಳನ್ನು. ವೆಸ್ಟ್ ವರ್ಜೀನಿಯಾದ ತಂಪು ಗುಡ್ಡಗಾಡಿನಲ್ಲಿ ಸೀಡರ್ ಮರದ ಪೆಟ್ಟಿಗೆಯೊಳಗೆ ದಶಕಗಳ ಕಾಲ ಕತ್ತಲಲ್ಲಿದ್ದ ಪ್ರತಿ ಅದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅಂಕ ಎನ್ನುವುದು ಅಭಿಪ್ರಾಯ. ತಿಳಿದವರ, ಒಬ್ಬರಿಗಿಂತ ಹೆಚ್ಚು ಜನರ, ಯಾರ ಪುಸ್ತಕ ಎಂದು ಗೊತ್ತಿಲ್ಲದೆ ಕೊಟ್ಟ ಅಭಿಪ್ರಾಯ, ಸರಿ. ಆದರೆ ತಕ್ಕಡಿಯಲ್ಲಿ ತೂಗಿದ್ದಲ್ಲ. ಅದೇ ಪ್ರತಿಯನ್ನು ಡಬ್ಬಿಯಿಂದ ತೆಗೆದು ಮತ್ತೆ ಕಳಿಸಿದಾಗ ಒಂದು ಮೆಟ್ಟಿಲು ಹೆಚ್ಚೋ ಕಡಿಮೆಯೋ ಬರುವುದುಂಟು.

ದರ್ಜೆಗಿಂತ ಮೊದಲು ಯಾವ ಪುಸ್ತಕ ಎಂಬ ಪ್ರಶ್ನೆ

ಹೊಸಬರು ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿ. 9.8 ಎಂದು ಬರೆದಿದೆ, ಆದ್ದರಿಂದ ಬೆಲೆಬಾಳುತ್ತದೆ ಎಂಬ ಎಣಿಕೆ. ಅಂಕ ಹೇಳುವುದು ಕಾಗದದ ಸ್ಥಿತಿಯನ್ನು ಮಾತ್ರ. ಆ ಪುಸ್ತಕ ಯಾರಿಗಾದರೂ ಬೇಕೇ ಎಂಬುದನ್ನು ಅದು ಹೇಳುವುದಿಲ್ಲ.

1991ರಲ್ಲಿ ಮಾರ್ವೆಲ್ 'ಎಕ್ಸ್-ಮೆನ್' ಹೆಸರಿನ ಹೊಸ ಸರಣಿಯ ಮೊದಲ ಸಂಚಿಕೆಯನ್ನು ಐದು ಬೇರೆ ಬೇರೆ ಮುಖಪುಟಗಳೊಂದಿಗೆ ತಂದಿತು. 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು. ಮುಂದಿನ ವರ್ಷ ಸೂಪರ್‌ಮ್ಯಾನ್ ಸಾಯುವ 75ನೇ ಸಂಚಿಕೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಂತು. ಮಕ್ಕಳ ಕಾಲೇಜು ಫೀಸಿಗೆ ಆಗುತ್ತದೆಂದು ಜನ ಡಜನ್‌ಗಟ್ಟಲೆ ಕೊಂಡು ಚೀಲ ಒಡೆಯದೆ ಇಟ್ಟರು. ಎಲ್ಲರೂ ಜೋಪಾನವಾಗಿ ಇಟ್ಟದ್ದರಿಂದಲೇ ಎಲ್ಲರ ಹತ್ತಿರವೂ ಹೊಚ್ಚ ಹೊಸ ಪ್ರತಿಗಳಿವೆ. ಮೂವತ್ತು ವರ್ಷ ದಾಟಿದರೂ ರಾ ಪ್ರತಿಗಳಿಗೆ ಸಿಗುವುದು ಚಿಲ್ಲರೆ ಕಾಸು.

1930–40ರ ದಶಕಗಳ ಕಥೆ ಇದಕ್ಕೆ ತಿರುವುಮುರುವು. ಯಾರೂ ಕೂಡಿಡಲಿಲ್ಲ. ಓದಿ ಎಸೆದರು. ಎರಡನೇ ಮಹಾಯುದ್ಧದ ಹೊತ್ತಿಗೆ ಹಳೆ ಕಾಗದ ಸಂಗ್ರಹದ ಅಭಿಯಾನ ನಡೆದು ರಾಶಿ ರಾಶಿ ಕಾಮಿಕ್ಸ್ ರದ್ದಿಗೆ ಹೋದವು. 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆ ಎರಡು ಲಕ್ಷದಷ್ಟು ಅಚ್ಚಾಗಿತ್ತು. ಇಂದು ಉಳಿದಿರುವುದು ನೂರರ ಆಸುಪಾಸು ಎಂಬುದು ಬಲ್ಲವರ ಅಂದಾಜು. ಅಂಥ ಪುಸ್ತಕ ಹರಿದಿದ್ದರೂ ಬೆಲೆಯೇ. 1962ರಲ್ಲಿ ಸ್ಪೈಡರ್‌ಮ್ಯಾನ್ ಹುಟ್ಟಿದ 'ಅಮೇಜಿಂಗ್ ಫ್ಯಾಂಟಸಿ' 15ನೇ ಸಂಚಿಕೆಯೂ ಹಾಗೆಯೇ. ಹತ್ತಕ್ಕೆ ಒಂದು ಅಂಕ ಬಂದ, ಮುಖಪುಟ ಜೂಲಾದ ಪ್ರತಿಗೂ ಸಾವಿರಾರು ಡಾಲರ್ ಕೊಟ್ಟು ಕೊಳ್ಳುವವರಿದ್ದಾರೆ.

ಬೇಡಿಕೆ ಹುಟ್ಟುವುದು ಸಾಮಾನ್ಯವಾಗಿ ಪಾತ್ರದ ಮೊದಲ ಪ್ರವೇಶದಿಂದ. ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ 2004ರಲ್ಲಿ ಗೋಥಮ್ ಕಾಮಿಕ್ಸ್ ತಂದ ಭಾರತೀಯ ಸ್ಪೈಡರ್‌ಮ್ಯಾನ್, ಮುಂಬೈಯ ಹುಡುಗ ಪವಿತ್ರ್ ಪ್ರಭಾಕರ್. ಬಹುಕಾಲ ಯಾರೂ ತಿರುಗಿ ನೋಡದ ಸರಣಿ ಅದು. 2023ರಲ್ಲಿ ಆ ಪಾತ್ರ ಹಾಲಿವುಡ್ಡಿನ ಅನಿಮೇಷನ್ ಚಿತ್ರಕ್ಕೆ ಬಂದ ಮೇಲೆ ಸಂಗ್ರಾಹಕರು ಹಳೆಯ ಸಂಚಿಕೆಗಳನ್ನು ಹುಡುಕತೊಡಗಿದರು. ಇಂಥ ಬೇಡಿಕೆ ಸಿನಿಮಾದ ಜೊತೆ ಏರುತ್ತದೆ, ಹಲವು ಸಲ ಸಿನಿಮಾ ಮರೆತಂತೆ ಇಳಿಯುತ್ತದೆ.

ಮರುಮುದ್ರಣದ ಬಗ್ಗೆಯೂ ಎಚ್ಚರ ಬೇಕು. 1974ರಲ್ಲಿ ಸೂಪರ್‌ಮ್ಯಾನ್ ಪ್ರಕಾಶಕರಾದ ಡಿಸಿ ಸಂಸ್ಥೆ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯನ್ನು ಹಾಗೆಯೇ ಮರುಮುದ್ರಿಸಿ ಮೇಲೊಂದು ಹೊರ ಕವಚ ಹಾಕಿತ್ತು. ಆ ಕವಚ ಕಿತ್ತರೆ ಒಳಗಿನದು ಅಸಲಿನಂತೆಯೇ ಕಾಣುತ್ತದೆ. ಆದರೆ ಅಳತೆ ಮೂಲಕ್ಕಿಂತ ಎಷ್ಟೋ ದೊಡ್ಡದು. ಇದನ್ನು ಅಸಲಿ ಎಂದು ನಂಬಿ ಕುಣಿದಾಡಿದವರು ಬಹಳ ಮಂದಿ.

ಮೇಲಿನ ಮೆಟ್ಟಿಲುಗಳು ಏಕೆ ಅಷ್ಟು ಕಡಿದು?

4.0ರ ಪ್ರತಿ ಮತ್ತು 4.5ರ ಪ್ರತಿಯ ಬೆಲೆಯಲ್ಲಿ ಅಂತರ ಇರುತ್ತದೆ, ದೊಡ್ಡದಲ್ಲ. 9.6 ಮತ್ತು 9.8ರ ನಡುವೆ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಬರಿಗಣ್ಣಿಗೆ ಇವೆರಡರ ವ್ಯತ್ಯಾಸ ಕಾಣುವುದೇ ಕಷ್ಟ. ಬೆನ್ನಿನಲ್ಲಿ ಒಂದೆರಡು ಕೂದಲೆಳೆಯ ಗೆರೆ ಹೆಚ್ಚಿರಬಹುದು, ಅಷ್ಟೇ.

ಕಾರಣ ಸಂಖ್ಯೆ. ಸಿಜಿಸಿ ತಾನು ಅಂಕ ಕೊಟ್ಟ ಪ್ರತಿಗಳ ಎಣಿಕೆಯನ್ನು ಸಂಚಿಕೆವಾರು, ದರ್ಜೆವಾರು ತನ್ನ ಜಾಲತಾಣದಲ್ಲಿ ತೆರೆದಿಟ್ಟಿದೆ. ಇದಕ್ಕೆ 'ಸೆನ್ಸಸ್' ಎನ್ನುತ್ತಾರೆ. ಒಂದು ಹಳೆಯ ಸಂಚಿಕೆಗೆ 6.0ರಲ್ಲಿ ನೂರಾರು ಪ್ರತಿಗಳಿದ್ದು ತುದಿಯ ದರ್ಜೆಯಲ್ಲಿ ನಾಲ್ಕೇ ಇದ್ದರೆ, ಆ ನಾಲ್ಕಕ್ಕಾಗಿ ಹಣವಂತರೆಲ್ಲ ಮುಗಿಬೀಳುತ್ತಾರೆ. 'ಅಮೇಜಿಂಗ್ ಫ್ಯಾಂಟಸಿ' 15ರಲ್ಲಿ ಆದದ್ದು ಅದೇ. 9.6ರ ಪ್ರತಿಯೊಂದು 2021ರಲ್ಲಿ 36 ಲಕ್ಷ ಡಾಲರ್‌ಗೆ ಹೋದಾಗ ಅದಕ್ಕಿಂತ ಮೇಲಿನ ಅಂಕದ ಪ್ರತಿಯೇ ಇರಲಿಲ್ಲ. ಅಂದಹಾಗೆ, ಇದೇ ಸಂಚಿಕೆಯ 9.6 ಪ್ರತಿ 2011ರಲ್ಲಿ 11 ಲಕ್ಷ ಡಾಲರ್‌ಗೆ ಸಿಕ್ಕಿತ್ತು. ಅಂಕ ಅಲ್ಲೇ ನಿಂತಿದೆ, ಹತ್ತು ವರ್ಷದಲ್ಲಿ ಓಡಿದ್ದು ಬೆಲೆ. 2021ರ ಆಸುಪಾಸಿನಲ್ಲಿ ಮನೆಯಲ್ಲೇ ಕೂತ ಜನ ಸಂಗ್ರಹದ ವಸ್ತುಗಳಿಗೆ ದುಡ್ಡು ಸುರಿದು ಬೆಲೆ ಏರಿಸಿದರು. ಆಮೇಲೆ ಹಲವು ಸಂಚಿಕೆಗಳ ಬೆಲೆ ಜೋರಾಗಿಯೇ ಕುಸಿಯಿತು.

ಸೆನ್ಸಸ್ ಓದುವಾಗ ಎರಡು ವಿಷಯ ನೆನಪಿರಲಿ. ಅಂಕ ಹಾಕಿಸಲು ಬಂದ ಪ್ರತಿಗಳಷ್ಟೇ ಅದರಲ್ಲಿ ಇರುತ್ತವೆ, ಜಗತ್ತಿನಲ್ಲಿರುವ ಎಲ್ಲವೂ ಅಲ್ಲ. ಜೊತೆಗೆ ಡಬ್ಬಿ ಒಡೆದು ಮತ್ತೆ ಕಳಿಸಿದ ಪ್ರತಿ, ಹಳೆಯ ಲೇಬಲ್ ಹಿಂತಿರುಗಿಸದಿದ್ದರೆ, ಎರಡು ಸಲ ಎಣಿಕೆಯಾಗುತ್ತದೆ. ಹೊಸ ಸಂಚಿಕೆಗಳ ಮಟ್ಟಿಗಂತೂ 9.8 ಅಪರೂಪವೇ ಅಲ್ಲ. ಈಗಿನ ಒಳ್ಳೆಯ ಕಾಗದ, ಅಂಗಡಿಯಿಂದಲೇ ಕವರಿಗೆ ಇಳಿಸುವ ರೂಢಿ, ಎರಡೂ ಸೇರಿ ಸೆನ್ಸಸ್ ತುಂಬ 9.8ರದೇ ಸಾಲು.

ಲೇಬಲಿನ ಬಣ್ಣ ನೋಡದೆ ಬೆಲೆ ಮಾತಾಡಬೇಡಿ

ಸಿಜಿಸಿ ಡಬ್ಬಿಯಲ್ಲಿ ನೀಲಿ ಲೇಬಲ್ ಇದ್ದರೆ ಮಾಮೂಲು ಪ್ರತಿ ಎಂದರ್ಥ. ಬೆಲೆಪಟ್ಟಿಗಳಲ್ಲಿ ಕಾಣುವ ದರ ಹೆಚ್ಚಾಗಿ ನೀಲಿ ಲೇಬಲಿನದೇ.

ನೇರಳೆ ಬಂದರೆ ರಿಪೇರಿಯಾದ ಪ್ರತಿ. ಮಾಸಿದ ಕಡೆ ಬಣ್ಣ ತುಂಬಿದ್ದು, ಹರಿದಲ್ಲಿ ಬೇರೆ ಕಾಗದ ಕೂಡಿಸಿದ್ದು, ಸವೆದ ಅಂಚನ್ನು ಕತ್ತರಿಸಿ ನೇರ ಮಾಡಿದ್ದು, ಎಲ್ಲವೂ ಇದರಡಿ. ನೋಡಲು ಫಳಫಳ ಎನ್ನುವ ನೇರಳೆ 8.0 ಪ್ರತಿ, ಬಳಸಿ ಬಳಲಿದ ನೀಲಿ 4.0ಕ್ಕಿಂತ ಅಗ್ಗವಾಗಿ ಮಾರಾಟವಾಗುವುದು ಸಾಮಾನ್ಯ. ಸಂಗ್ರಾಹಕರಿಗೆ ಬೇಕಿರುವುದು ಕಾಲ ಮುಟ್ಟದ ಪ್ರತಿ. ಕಾಲ ಮುಟ್ಟಿದ್ದನ್ನು ಮುಚ್ಚಿಟ್ಟ ಪ್ರತಿಯನ್ನು ಅವರು ಅನುಮಾನದಿಂದ ನೋಡುತ್ತಾರೆ. ರಾ ಪ್ರತಿ ಕೊಳ್ಳುವವರಿಗೆ ಇದೇ ದೊಡ್ಡ ಗಂಡಾಂತರ, ಏಕೆಂದರೆ ನಾಜೂಕಾಗಿ ತುಂಬಿದ ಬಣ್ಣ ಅಥವಾ ಕೂದಲೆಳೆಯಷ್ಟು ಕತ್ತರಿಸಿದ ಅಂಚು ಪಳಗದ ಕಣ್ಣಿಗೆ ಕಾಣದು. ಹಳೆಯ, ದುಬಾರಿ ಸಂಚಿಕೆಗಳಲ್ಲಿ ಗ್ರೇಡಿಂಗ್‌ಗೆ ನಿಜವಾದ ಬೆಲೆ ಬರುವುದು ಅಂಕಕ್ಕಿಂತ ಹೆಚ್ಚಾಗಿ ಈ ತಪಾಸಣೆಯಿಂದ ಎಂದು ನನ್ನ ಎಣಿಕೆ.

ಹಸಿರು ಲೇಬಲ್ ಒಂದು ದೊಡ್ಡ ಕುಂದನ್ನು ಪಕ್ಕಕ್ಕಿಟ್ಟು ಅಂಕ ಕೊಟ್ಟದ್ದು. ಕೂಪನ್ ಕತ್ತರಿಸಿದ ಪ್ರತಿ ಇಲ್ಲಿಗೆ ಬರಬಹುದು. ಹಳದಿ ಲೇಬಲ್ ಸಹಿ ಇರುವ ಪ್ರತಿಗೆ. ಷರತ್ತು ಏನೆಂದರೆ, ಚಿತ್ರಕಾರನೋ ಲೇಖಕನೋ ಸಹಿ ಹಾಕುವಾಗ ಸಂಸ್ಥೆಯ ಸಾಕ್ಷಿ ಎದುರಿಗೆ ನಿಂತಿರಬೇಕು. ಇಲ್ಲದಿದ್ದರೆ ಸ್ಪೈಡರ್‌ಮ್ಯಾನ್ ಸೃಷ್ಟಿಸಿದವರಲ್ಲಿ ಒಬ್ಬರಾದ ಸ್ಟಾನ್ ಲೀ ತಮ್ಮ ಕೈಯಾರೆ ಹಾಕಿದ ಸಹಿಯೂ ಬಹುಕಾಲ ಸಿಜಿಸಿ ಲೆಕ್ಕದಲ್ಲಿ ಮುಖಪುಟದ ಮೇಲಿನ ಗೀಚಾಗಿತ್ತು. 2018ರಲ್ಲಿ ಲೀ ತೀರಿಕೊಂಡ ಮೇಲೆ ಸಾಕ್ಷಿಯಿರುವ ಅವರ ಸಹಿಗಳು ಹೊಸದಾಗಿ ಹುಟ್ಟುವಂತಿಲ್ಲ.

ಅಂಕ ಹಾಕಿಸಿದರೆ ಲಾಭವೇ? ಒಂದು ಲೆಕ್ಕ

ಖರ್ಚು ಮೊದಲು. ಹೊಸ ಸಂಚಿಕೆಗಳಿಗೆ ಶುಲ್ಕ ಕೆಲವು ಹತ್ತು ಡಾಲರ್‌ಗಳಿಂದ ಶುರುವಾಗುತ್ತದೆ. ಪುಸ್ತಕ ಹಳೆಯದಾದಷ್ಟೂ, ಬೆಲೆಬಾಳಿದಷ್ಟೂ ಶುಲ್ಕ ಏರುತ್ತದೆ. ತೀರಾ ದುಬಾರಿ ಪ್ರತಿಗಳಿಗೆ ಮಾರುಕಟ್ಟೆ ಬೆಲೆಯ ಇಂತಿಷ್ಟು ಶೇಕಡಾ ಎಂದು ವಸೂಲಿ. ಹೋಗಿಬರುವ ಅಂಚೆ, ವಿಮೆ ಬೇರೆ. ಭಾರತದಿಂದ ಕಳಿಸುವವರಿಗೆ ಅಂತರರಾಷ್ಟ್ರೀಯ ಕೊರಿಯರ್, ವಾಪಸ್ ಬರುವಾಗ ಕಸ್ಟಮ್ಸ್ ಕಾಗದಪತ್ರ. ಅಮೆರಿಕದಲ್ಲಿ ಅಣ್ಣನೋ ಅಕ್ಕನೋ ಇದ್ದರೆ ಅವರ ವಿಳಾಸದ ಮೂಲಕ ಈ ಕೆಲಸ ಮಾಡಿಸುವವರಿದ್ದಾರೆ, ಸ್ಲ್ಯಾಬ್ ಅಲ್ಲೇ ಮಾರಿಯೂ ಬಿಡುತ್ತಾರೆ.

ಈಗ ಕಲ್ಪಿತ ಅಂಕಿಗಳನ್ನಿಟ್ಟು ನೋಡೋಣ. ನಿಮ್ಮಲ್ಲಿ ಒಂದೇ ಸಂಚಿಕೆಯ ಮೂರು ರಾ ಪ್ರತಿಗಳಿವೆ, ಒಂದೊಂದಕ್ಕೆ 40 ಡಾಲರ್ ಬರುತ್ತದೆ ಎಂದಿಟ್ಟುಕೊಳ್ಳಿ. ಅದೇ ಸಂಚಿಕೆ 9.8ರಲ್ಲಿ 120, 9.6ರಲ್ಲಿ 60, 9.4ರಲ್ಲಿ 45ಕ್ಕೆ ಹೋಗುತ್ತಿದೆ. 120 ಕಂಡು ಬಾಯಲ್ಲಿ ನೀರೂರುತ್ತದೆ. ಮೂರನ್ನೂ ಕಳಿಸುತ್ತೀರಿ, ಎಲ್ಲ ಖರ್ಚು ಸೇರಿ ತಲಾ 50 ಡಾಲರ್. ಅದೃಷ್ಟಕ್ಕೆ ಒಂದಕ್ಕೆ 9.8, ಒಂದಕ್ಕೆ 9.6, ಒಂದಕ್ಕೆ 9.4 ಬಂತು. ಮಾರಿದರೆ 225, ಖರ್ಚು 150 ಕಳೆದರೆ ಉಳಿದದ್ದು 75. ಅಂಕದ ಗೊಡವೆಗೇ ಹೋಗದೆ ಮೂರನ್ನೂ ಹಾಗೆಯೇ ಮಾರಿದ್ದರೆ ಕೈಗೆ 120 ಬರುತ್ತಿತ್ತು. ಮಾರಾಟದ ಕಮಿಷನ್ ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ '9.8 ಬಂದರೆ ಎಷ್ಟು?' ಎಂಬುದಲ್ಲ. 'ನಾನು ನಿರೀಕ್ಷಿಸಿದ್ದಕ್ಕಿಂತ ಎರಡು ಮೆಟ್ಟಿಲು ಕೆಳಗೆ ಬಂದರೂ ಖರ್ಚು ಹುಟ್ಟುತ್ತದೆಯೇ?' ಎಂಬುದು. ಪುಸ್ತಕ ಹಳೆಯದು, ಬೇಡಿಕೆಯದು, ಅಸಲಿಯೋ ರಿಪೇರಿಯೋ ಎಂಬ ಅನುಮಾನ ಕೊಳ್ಳುವವರಿಗೆ ಬರುವಂಥದ್ದು ಎಂದಾದರೆ ಕಡಿಮೆ ಅಂಕಕ್ಕೂ ಗ್ರೇಡಿಂಗ್ ದುಡ್ಡು ದಕ್ಕುತ್ತದೆ. ಹೋದ ತಿಂಗಳು ಬಂದ ಸಂಚಿಕೆಗೆ ಬಹುತೇಕ ದಕ್ಕುವುದಿಲ್ಲ.

ಬೆಲೆ ತಿಳಿಯಲು ಯಾರೋ ಕೇಳುತ್ತಿರುವ ದರ ನೋಡಬೇಡಿ. ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ 'ಮಾರಾಟವಾದವು' ಎಂದು ಸೋಸಿ ನೋಡಿ. ಹೆರಿಟೇಜ್‌ನಂಥ ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶಗಳೂ ತೆರೆದಿವೆ. ಅದೇ ಸಂಚಿಕೆ, ಅದೇ ಅಂಕ, ಅದೇ ಲೇಬಲ್ ಬಣ್ಣ, ಇತ್ತೀಚಿನ ಕೆಲವು ತಿಂಗಳು. ರಾ ಪ್ರತಿಯಾದರೆ ಮಾರುವವನು ಹೇಳಿದ ದರ್ಜೆಯಿಂದ ಒಂದೆರಡು ಮೆಟ್ಟಿಲು ಇಳಿಸಿಕೊಂಡೇ ಲೆಕ್ಕ ಹಾಕುವುದು ಹಳಬರ ರೂಢಿ.

ಪ್ರೆಸ್ಸಿಂಗ್ ಎಂಬ ಇಸ್ತ್ರಿ

ಅಂಕಕ್ಕೆ ಕಳಿಸುವ ಮೊದಲು ಹಿತವಾದ ಶಾಖ, ತುಸು ತೇವ, ಒತ್ತಡ ಕೊಟ್ಟು ಬಾಗಿದ ಕಾಗದವನ್ನು ಸಮ ಮಾಡುವ ಕೆಲಸಕ್ಕೆ ಪ್ರೆಸ್ಸಿಂಗ್ ಎನ್ನುತ್ತಾರೆ. ಸಿಜಿಸಿ ಇದನ್ನು ರಿಪೇರಿ ಎಂದು ಪರಿಗಣಿಸುವುದಿಲ್ಲ. ಶಾಯಿ ಒಡೆಯದ ಮಡಿಕೆಗಳಿಗೆ ಇದು ಫಲ ಕೊಡುತ್ತದೆ; ಒಡೆದದ್ದಕ್ಕೆ ಏನೂ ಮಾಡಲಾರದು. ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಪ್ರಯತ್ನಿಸಿದರೆ ಮುಖಪುಟ ಸುಕ್ಕಾಗುವುದು ಗ್ಯಾರಂಟಿ.

ಡಬ್ಬಿಯೊಳಗಿದೆ ಎಂದ ಮಾತ್ರಕ್ಕೆ

ಪ್ರತಿ ಸ್ಲ್ಯಾಬ್ ಮೇಲೂ ಒಂದು ಸಂಖ್ಯೆ ಇರುತ್ತದೆ. ಸಂಸ್ಥೆಯ ಜಾಲತಾಣದಲ್ಲಿ ಅದನ್ನು ಹಾಕಿದರೆ ಯಾವ ಸಂಚಿಕೆ, ಎಷ್ಟು ಅಂಕ ಎಂದು ತೋರಿಸುತ್ತದೆ. ದುಡ್ಡು ಕೊಡುವ ಮೊದಲು ಈ ಕೆಲಸ ಮಾಡದಿರಲು ಕಾರಣವೇ ಇಲ್ಲ. ಆದರೆ ಅಷ್ಟರಿಂದಲೇ ನಿಶ್ಚಿಂತೆಯಾಗುವಂತಿಲ್ಲ. 2023ರ ಕೊನೆಗೆ ಈ ವಲಯವನ್ನೇ ಅಲುಗಿಸಿದ ಪ್ರಕರಣವೊಂದು ಹೊರಬಂತು. ಗೀಚಿದ ಡಬ್ಬಿಯನ್ನು ಬದಲಿಸಿಕೊಡುವ ಸೇವೆಯನ್ನು ದುರುಪಯೋಗ ಮಾಡಿಕೊಂಡು, ಹೆಚ್ಚಿನ ಅಂಕದ ಡಬ್ಬಿಯೊಳಗೆ ಕಡಿಮೆ ದರ್ಜೆಯ ಪ್ರತಿಗಳನ್ನು ಸೇರಿಸಿ ಮಾರಲಾಗಿದೆ ಎಂಬ ಆರೋಪ. ಸಂಗ್ರಾಹಕರೇ ಹಳೆಯ ಹರಾಜಿನ ಫೋಟೋಗಳ ಜೊತೆ ಹೋಲಿಸಿ, ಮುಖಪುಟದ ಚುಕ್ಕೆ, ಗೆರೆಗಳು ತಾಳೆಯಾಗುತ್ತಿಲ್ಲ ಎಂದು ಪತ್ತೆ ಹಚ್ಚಿದ್ದರು. ಸಿಜಿಸಿ ಸಂಶಯಾಸ್ಪದ ಸಂಖ್ಯೆಗಳ ಪಟ್ಟಿ ಪ್ರಕಟಿಸಬೇಕಾಯಿತು. ಡಬ್ಬಿಯಲ್ಲಿ ಬಿರುಕಿದೆಯೇ, ಅಂಚು ಬಿಟ್ಟುಕೊಂಡಿದೆಯೇ, ಹಳೆಯ ಫೋಟೋಗೆ ಮುಖಪುಟ ಹೊಂದುತ್ತದೆಯೇ ಎಂದು ನೋಡುವುದು ಆಮೇಲೆ ರೂಢಿಯಾಯಿತು.

ಸ್ಲ್ಯಾಬ್ ಗಾಳಿ ಹೊಗದ ಪೆಟ್ಟಿಗೆಯೂ ಅಲ್ಲ, ನೀರು ಹೊಗದ್ದೂ ಅಲ್ಲ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಒಳಗಿನ ಕೆಂಪು ಬಣ್ಣ ಮಾಸುತ್ತದೆ, ಲೇಬಲಿನ ಅಂಕ ಮಾತ್ರ ಹಾಗೆಯೇ ಇರುತ್ತದೆ.

ನಮ್ಮ ಅಟ್ಟದಲ್ಲಿರುವುದು

ಕರ್ನಾಟಕದ ಮನೆಗಳಲ್ಲಿ ಸಿಗಬಹುದಾದದ್ದು ಸೂಪರ್‌ಮ್ಯಾನ್ ಅಲ್ಲ. ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆ. ಟೈಮ್ಸ್ ಆಫ್ ಇಂಡಿಯಾ ಬಳಗದ ಇಂದ್ರಜಾಲ 1964ರಲ್ಲಿ ಫ್ಯಾಂಟಮ್ ಕಥೆಯೊಂದಿಗೆ ಶುರುವಾಗಿ 1990ರಲ್ಲಿ ನಿಂತಿತು, ಕನ್ನಡದಲ್ಲೂ ಬರುತ್ತಿತ್ತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರಿನ ಜೊತೆ ಬೆಸೆದ ಅಮರ ಚಿತ್ರ ಕಥೆಯ ಇಂಗ್ಲಿಷ್ 'ಕೃಷ್ಣ' ಸಂಚಿಕೆಗೆ ಸಂಖ್ಯೆ 11 ಏಕೆ ಎಂದು ಅನೇಕರು ಕೇಳುತ್ತಾರೆ. ಮೊದಲ ಹತ್ತು ಪಾಶ್ಚಾತ್ಯ ಕಥೆಗಳು. ಅವು 1965ರಲ್ಲಿ ಬೆಂಗಳೂರಿನಿಂದ, ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಲ್ಲಿ ಕನ್ನಡದಲ್ಲಿ ಬಂದವು. ಸಂಗ್ರಾಹಕರು ಹುಡುಕುವುದು ಇಂಥವನ್ನು. ಆಮೇಲೆ ಅದೇ 'ಕೃಷ್ಣ' 501 ಎಂಬ ಸಂಖ್ಯೆ ಹೊತ್ತು ಮತ್ತೆ ಮತ್ತೆ ಅಚ್ಚಾಗಿದೆ. ಬಾಲ್ಯದ ನೆನಪಿಗೆ ಎರಡೂ ಒಂದೇ, ಬೆಲೆಗೆ ಅಲ್ಲ.

ಇವಕ್ಕೆ ಅಮೆರಿಕದ ಅಂಕ ಹಾಕಿಸುವುದು ಸದ್ಯಕ್ಕೆ ಹೆಚ್ಚಿನವರಿಗೆ ನಷ್ಟದ ಬಾಬತ್ತು. ಕೊಳ್ಳುವವರ ಬಳಗ ಚಿಕ್ಕದು, ಒಬ್ಬರಿಗೊಬ್ಬರು ಪರಿಚಯದವರು, ಫೋಟೋ ಕಳಿಸಿ ಫೋನಿನಲ್ಲಿ ಮಾತಾಡಿ ಮುಗಿಸುತ್ತಾರೆ. ಆದರೆ ಸ್ಥಿತಿ ಅಳೆಯುವ ಕ್ರಮ ಅಲ್ಲಿಯದೇ ಇಲ್ಲಿಗೂ ನಡೆಯುತ್ತದೆ. ನಮ್ಮಲ್ಲಿನ ಕುಂದುಗಳಿಗೆ ನಮ್ಮದೇ ಚರಿತ್ರೆಯಿದೆ: ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳ ರಬ್ಬರ್ ಸ್ಟ್ಯಾಂಪು, ಹತ್ತಾರು ಸಂಚಿಕೆ ಸೇರಿಸಿ ಅಂಚು ಕತ್ತರಿಸಿ ಬೈಂಡ್ ಮಾಡಿಸಿದ ಸಂಪುಟ, ಮೊದಲ ಪುಟದಲ್ಲಿ ಅಣ್ಣ ಬರೆದ ಹೆಸರು, ಕರಾವಳಿಯ ಮಳೆಗಾಲ ಪಿನ್ನಿಗೆ ಹಿಡಿಸಿದ ತುಕ್ಕು. ಬೈಂಡ್ ಮಾಡಿಸಿದ್ದರಿಂದ ಪ್ರತಿಗಳು ಉಳಿದವು ಎಂಬುದೂ ನಿಜ, ಅಂಚು ಹೋದದ್ದರಿಂದ ಬಿಡಿಯಾಗಿ ಬೆಲೆ ಇಳಿಯಿತು ಎಂಬುದೂ ನಿಜ. ಅಂಥ ಸಂಪುಟವನ್ನು ಬಿಚ್ಚಿ ಬಿಡಿ ಮಾಡಿದರೆ ಸಂಪುಟವೂ ಬಿಡಿ ಪ್ರತಿಗಳೂ ಕೆಡುತ್ತವೆ.

ಅಂಥವು ಸಿಕ್ಕರೆ ತುಕ್ಕು ಹಿಡಿದ ಪಿನ್ ಕಿತ್ತು ಹೊಸದು ಹೊಡೆಯಬೇಡಿ. ಹರಿದಲ್ಲಿ ಗಮ್ ಟೇಪ್ ಬೇಡ. ಅದರ ಅಂಟು ಕೆಲವೇ ವರ್ಷದಲ್ಲಿ ಕಂದಾಗಿ ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗದು. ಹೆಸರು ಅಳಿಸಲು ರಬ್ಬರ್ ಉಜ್ಜಬೇಡಿ. ಆಮ್ಲರಹಿತ ರಟ್ಟು ಹಿಂದೆ ಕೊಟ್ಟು ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ, ನೆಟ್ಟಗೆ ನಿಲ್ಲಿಸಿ, ನೆಲಕ್ಕೂ ಹೊರಗೋಡೆಗೂ ತಾಗದ ಕಪಾಟಿನಲ್ಲಿಡಿ. ಮಾರುವ ಮನಸ್ಸಿದ್ದರೆ ಮುಖಪುಟ, ಹಿಂಬದಿ, ಪಿನ್ ಇರುವ ನಡುಪುಟ, ಪ್ರಕಟಣೆಯ ವಿವರವಿರುವ ಪುಟ, ಇಷ್ಟರ ಫೋಟೋ ತೆಗೆದು ಕುಂದುಗಳನ್ನು ನೀವೇ ಮೊದಲು ಬರೆದುಬಿಡಿ. ಅಂಕದ ಲೇಬಲ್ ಇಲ್ಲದ ಪ್ರತಿಗೆ ಕೊಳ್ಳುವವರು ನಂಬಿ ಬೆಲೆ ಕೊಡುವುದು ಆ ಪಟ್ಟಿ ನೋಡಿ.